ಕಲ್ಲಿನ ಅರಳೆಯ ದಿಂಬು

ನನ್ನ ಮಗಳ ಮೈ ತುಂಬ ದದ್ದು ಎಬ್ಬಿಸಿದ್ದು ಮೈಕಿನ ಅಂಗಡಿಯವನಲ್ಲ, ಅವನು ಕಟ್ಟಿದ ಹಲಗೆಗಳೂ ಅಲ್ಲ. ಎಬ್ಬಿಸಿದವಳು ನಾನು.

ಈ ಮಾತು ಈಗ ಯಾಕೆ ಬಂತು ಅಂದರೆ, ಯಾದಗಿರಿಯಲ್ಲಿ ಮೊಮ್ಮಗಳ ಮನೆಗೆ ಒಂದು ಕಟ್ಟು ಬಂತು. ಅವಳು ಸಾಲಿಯಲ್ಲಿ ಕಲಿಸುತ್ತಾಳೆ. ಪಾಠವನ್ನು ಮನೆಯಲ್ಲೇ ಮಾತಾಡಿ, ಫೋನಿನಲ್ಲಿ ಹಿಡಿದು ಮಕ್ಕಳಿಗೆ ಕಳಿಸುತ್ತಾಳೆ. ಕೋಣೆಯ ನೆಲ, ಗೋಡೆ ಎಲ್ಲ ಪರಸಿಕಲ್ಲಿನ ಚಪ್ಪಡಿ, ಒಂದು ಮಾತಾಡಿದರೆ ಎರಡು ಕೇಳುತ್ತದೆ. ಗೋಡೆಗೆ ದನಿ ನುಂಗುವ ಹಲಗೆ ಮಾಡಿ ತೂಗಿಹಾಕಬೇಕು ಅಂತ ಆ ಕಟ್ಟು ತರಿಸಿದ್ದಳು. ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಹರಿದಿತ್ತು. ಅಲ್ಲಿಂದ ವಾಸನೆ ಬಡಿಯಿತು. ಒಣಗಿದ ಗೋಂದಿನ ಹಾಗೆ, ಕಾದ ಕಲ್ಲಿನ ಹಾಗೆ. ಒಳಗೆ ನೋಡಬೇಕಾಗಿರಲಿಲ್ಲ, ನನಗೆ ಗೊತ್ತಾಯಿತು.

ಮಗಳು ಅಲ್ಲೇ ಇದ್ದಳು. ಮೂಗಿಗೆ ಸೆರಗು ಹಿಡಿದು, "ಮೊದಲ ಅದನ್ನ ಹೊರಗ ಇಡು. ನಾ ಮೂರು ವರ್ಷದಾಕಿ ಇದ್ದಾಗ ಬಾಜು ಮನಿ ಮೈಕಿನಾಂವ ಇದನ್ನೇ ತಂದು ನನ್ನ ಕೊಲ್ಲಾಂವ ಇದ್ದ. ನಿಮ್ಮ ಆಯಿಗಿ ಕೇಳು ಬೇಕಾದ್ರ" ಅಂದಳು.

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಎಲೆಯಡಿಕೆ ಚೀಲದಲ್ಲಿ ಕೈ ಹಾಕಿ ಏನೋ ಹುಡುಕುವವಳ ಹಾಗೆ ಕೂತೆ.

ಆಗ ನಾವು ಶಹಾಪುರದಲ್ಲಿದ್ದೆವು. ಕಾಲುವೆಗೆ ನೀರು ಬಂದ ಹೊಸತು. ನನ್ನ ಗಂಡ ಕಾಲುವೆ ರಿಪೇರಿಯ ಕೂಲಿಗೆ ಹೋಗುತ್ತಿದ್ದ. ನಾನು ಗಾದಿ, ದಿಂಬು ತುಂಬಿ ಹೊಲಿದುಕೊಡುತ್ತಿದ್ದೆ. ಬಾಜು ಮನೆಯವನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಉರುಸು, ಚುನಾವಣೆ, ಎಲ್ಲದಕ್ಕೂ ಅವನದೇ ಕಹಳೆ. ಊರಿಗೆಲ್ಲ ಗಂಟಲು ಬಾಡಿಗೆ ಕೊಡುವವನು ತಾನು ಮಾತಾಡಿದರೆ ಮಾತ್ರ ಎರಡು ಸಲ ಕೇಳಬೇಕಿತ್ತು, ಅಷ್ಟು ಮೆಲ್ಲಗೆ. ನಾನು ಅಣ್ಣಾ ಅನ್ನುತ್ತಿದ್ದೆ, ಅವನು ತಂಗಿ ಅನ್ನುತ್ತಿದ್ದ.

ಅವನ ತಾಯಿ ಕೊಡೇಕಲ್ ಕಡೆಯವಳು. ಬೀಸುವ ಪದ, ಸೋಬಾನ ಪದ ಎಷ್ಟು ಬರುತ್ತಿದ್ದವೋ ಅವಳಿಗೇ ಲೆಕ್ಕವಿರಲಿಲ್ಲ. ನಮ್ಮ ಓಣಿಯಲ್ಲಿ ಅವಳು ಬಾಯಿ ತೆರೆಯದೆ ಯಾರ ಮನೆಯ ಅರಿಶಿಣವೂ ಆಗುತ್ತಿರಲಿಲ್ಲ. ಆದರೆ ಆ ವರ್ಷ ಮುದುಕಿಗೆ ದಮ್ಮು ಹತ್ತಿತು. ಒಂದು ನುಡಿ ಹಾಡಿ ಮುಂದಿನ ನುಡಿಗೆ ಗೋಡೆ ಹಿಡಿಯುತ್ತಿದ್ದಳು. ದನಿ ಪೂರಾ ಹೋಗುವ ಮೊದಲು ಎಲ್ಲವನ್ನೂ ಕ್ಯಾಸೆಟ್ಟಿನಲ್ಲಿ ಹಿಡಿಯಬೇಕು ಅಂತ ಅಣ್ಣ ಹಟ ಹಿಡಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಪದ ಹಿಡಿದು ನಮಗೆಲ್ಲ ಕೇಳಿಸಿದ. ಅದೂ ಪರಸಿಕಲ್ಲಿನ ಕೋಣೆಯೇ. ದನಿ ಎಲ್ಲೋ ಆಳದಿಂದ ಬಂದ ಹಾಗಿತ್ತು.

"ಬಾವ್ಯಾಗ ಕುಂತು ಹಾಡಿದಂಗ ಕೇಳ್ತದ" ಅಂತ ತಾನೇ ಅಂದ.

ಮುದುಕಿ, "ನಾ ಇನ್ನಾ ಮ್ಯಾಲೇ ಅದೀನಿ ಮಗನ, ಈಗಿಂದೇ ಬಾವಿಗಿ ಯಾಕ ನೂಕ್ತಿ?" ಅಂದಳು.

ಕಾಲುವೆ ಬಂದ ಮೇಲೆ ಅಕ್ಕಿ ಗಿರಣಿಗಳು ಎದ್ದಿದ್ದವು. ಅಲ್ಲಿ ಬಾಯ್ಲರಿನ ಕೊಳವೆಗೆ ಕಾವು ಹೋಗದ ಹಾಗೆ ಸುತ್ತುವ ಹಳದಿ ಉಣ್ಣೆ ಇರುತ್ತದಲ್ಲ, ಅದರ ಹೊಸ ಸುರುಳಿ ಒಂದು ಉಳಿದಿತ್ತಂತೆ, ತಂದ. ಅದನ್ನು ಹೇಗೆ ಮುಟ್ಟಬೇಕು ಅಂತ ಗಿರಣಿಯ ಫಿಟ್ಟರನನ್ನು ಕೇಳಿಕೊಂಡೂ ಬಂದ. ಕಟ್ಟಿಗೆಯ ಚೌಕಟ್ಟು ಹೊಡೆದ. ಬಟ್ಟೆಯ ಗವಸು ಹೊಲಿಯಲು ನನ್ನನ್ನು ಕರೆದ.

ಏನು ಅವನ ತಾಕೀತು! ತುಂಬು ತೋಳಿನ ಅಂಗಿ ಹಾಕಿಕೋ, ತಲೆಗೆ ಕಟ್ಟು, ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಅವನದೇ ಬೆಸುಗೆಯ ಕನ್ನಡಕ. ಕೆಲಸ ಕೋಣೆಯೊಳಗಲ್ಲ, ಹಿತ್ತಲಲ್ಲಿ, ಗಾಳಿ ಬೆನ್ನಿಗೆ ಇರಬೇಕು. ಹರಿಯಬಾರದು, ಜಾಡಿಸಬಾರದು. ಹಲಗೆಯಿಂದ ಒತ್ತಿ ಹಿಡಿದು, ಉದ್ದ ಚೂರಿಯಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು.

ನನಗೆ ಸಿಟ್ಟು ಬಂತು. "ಅಣ್ಣಾ, ಬುದ್ಧಿ ಬಂದಾಗಿಂದ ಅರಳಿ ಹಿಂಜೀನಿ. ನನಗ ಕಲಸಾಕ ಬಂದೀಯೇನು?"

"ಇದು ಅರಳಿ ಅಲ್ಲ ತಂಗಿ, ಕಲ್ಲು. ಕಲ್ಲು ಕರಗಿಸಿ ಎಳಿ ಎಳದಾರ. ಮುರದ್ರ ಸೂಜಿ ಆಗ್ತದ."

ಮೊದಲು ತೆಳುವಾದ, ಒತ್ತಾದ ಬಟ್ಟೆಯಲ್ಲಿ ನಾಲ್ಕೂ ಕಡೆ, ಹಿಂಬದಿಯೂ ಸೇರಿ, ಸುತ್ತಿಸಿದ. ಆಮೇಲೆ ಮೇಲಿನ ಗವಸು. ಬಟ್ಟೆಗೆ ಬಾಯಿ ಹಚ್ಚಿ ಊದಿ ನೋಡುತ್ತಿದ್ದ, ಗಾಳಿ ಆಚೆ ಹೋಗಬೇಕು, ಎಳೆ ಈಚೆ ಬರಬಾರದು. ಕೆಲಸ ಮುಗಿದ ಮೇಲೆ ಕಸಬರಿಗೆ ಮುಟ್ಟಗೊಡಲಿಲ್ಲ, ನೆಲವನ್ನು ಹಸಿ ಬಟ್ಟೆಯಿಂದ ಒರೆಸಿಸಿದ. ಮೈ ತಿಕ್ಕದೆ ತಣ್ಣೀರು ಸುರಿದುಕೋ, ಉಟ್ಟದ್ದನ್ನು ಬೇರೆ ಒಗೆ ಅಂದ. ತುಣುಕುಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಹುಗಿಯಬೇಕು ಅಂತ ಹಿತ್ತಲಲ್ಲಿಟ್ಟ.

ಇಷ್ಟೆಲ್ಲ ಮಾಡಿದರೆ ಓಣಿಯ ಗದ್ದಲ ಕೇಳುವುದಿಲ್ಲವೇನು ಅಂದೆ. "ಹಂಗಿದ್ರ ನನ್ನ ಗಂಡನ ಬಾಯಿಗೂ ಒಂದು ಹಲಗಿ ಮಾಡಿಕೊಡು."

ನಕ್ಕ. "ಹೊರಗಿನ ಸಪ್ಪಳ ಇದು ತಡಿಯಂಗಿಲ್ಲ. ಒಳಗಿನ ದನಿ ಗೋಡಿಗಿ ಬಡದು ಹೊಳ್ಳಿ ಬರ್ತದಲ್ಲ, ಅದನ್ನ ನುಂಗ್ತದ ಅಷ್ಟೇ."

ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಆರು ಹಲಗೆ ತೂಗಿಹಾಕಿದ. ನಾನು ನಡುವೆ ನಿಂತು ಚಪ್ಪಾಳೆ ಹೊಡೆದೆ. ಸಪ್ಪಳ ಅಂಗೈಯಲ್ಲೇ ಸತ್ತಿತು. ಮುದುಕಿ ಬಂದು ಒಂದು ನುಡಿ ಅಂದಳು. ಕಿವಿಯ ಹತ್ತಿರ ಕೂತು ಅಂದ ಹಾಗೆ ಕೇಳಿತು… ಮುಂದಿನ ಸೋಮವಾರದಿಂದ ಪದ ಹಿಡಿಯುವುದು ಅಂತ ಆಯಿತು.

ನಾನು ಮಾಡಿದ್ದು ಇನ್ನು ಮುಂದಿನದು.

ಕಾಲುವೆಯ ನೀರಿಗೆ ಎಲ್ಲರೂ ಭತ್ತಕ್ಕೆ ಬಿದ್ದಿದ್ದರು. ಸುತ್ತಲಿನ ಹತ್ತಿ ಹೊಲಗಳು ಕಡಿಮೆಯಾಗಿ ಒಳ್ಳೆಯ ಅರಳೆ ಸಿಗುವುದೇ ಕಷ್ಟವಾಗಿತ್ತು. ಊರಿನವರಿಗೆಲ್ಲ ದಿಂಬು ತುಂಬುವವಳ ಮಗಳು ಚಿಂದಿಯ ಗಂಟಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು. ಅಣ್ಣನ ಹಿತ್ತಲಿನ ಆ ಚೀಲದಲ್ಲಿದ್ದದ್ದೋ ಹಗುರ, ಮೆತ್ತಗೆ, ಕೋಳಿಮರಿಯ ಬಣ್ಣ. ಮಣ್ಣಿಗೆ ಹಾಕುವ ಬದಲು ನನ್ನ ಮಗಳಿಗಾಗಲಿ ಅಂತ ಎರಡು ತೋಳಿನ ತುಂಬ ಎತ್ತಿಕೊಂಡು ಬಂದೆ. ಬಾಗಿಲು ಹಾಕಿಕೊಂಡೆ. ಅರಳೆಗೆ ಮಾಡುವ ಹಾಗೆಯೇ ಬೆರಳಿನಿಂದ ಹಿಂಜಿ, ಕೋಲಿನಿಂದ ಬಡಿದು ಉಬ್ಬಿಸಿದೆ. ಜಾಳಾದ ಹಳೆಯ ಸೀರೆಯಲ್ಲಿ ತುಂಬಿ ಹೊಲಿದೆ. ಅವನು ಬೇಡ ಅಂದದ್ದನ್ನು ಒಂದೂ ಬಿಡದೆ ಮಾಡಿದೆ.

ಎರಡನೆಯ ದಿನ ಮಗಳ ಮೈ ತುಂಬ ದದ್ದು. ಕಣ್ಣು ಕೆಂಪಾಗಿ, ಕೆಮ್ಮು ಸುರುವಾಯಿತು. ಓಣಿಯವರು ಬಂದು ನೋಡಿ, ಅಮ್ಮ ಬಂದಾಳ ಅಂದರು. ಹಾಸಿಗೆಗೆ ಬೇವಿನ ಸೊಪ್ಪು ಹಾಕಿದೆವು. ಅಮ್ಮ ಬಂದಾಗ ಮೈಗೆ ನೀರು ಹಾಕುವುದಿಲ್ಲ, ಹಾಕಲಿಲ್ಲ. ತಲೆಯ ಕೆಳಗೆ ಅದೇ ದಿಂಬು. ಐದು ದಿನ ಕೂಸು ಕೆರೆದುಕೊಂಡು ಚೀರಿತು.

ಐದನೆಯ ದಿನ ಕೆನ್ನೆ ಹೊರಳಿಸಿ ನೋಡಿದೆ. ಎಡಗೆನ್ನೆ, ಎಡಗಿವಿ, ಎಡ ಕುತ್ತಿಗೆ ರಕ್ತ ಬರುವಷ್ಟು ಕೆಂಪು. ಬಲಗಡೆ ಬರೀ ಅಲ್ಲೊಂದು ಇಲ್ಲೊಂದು. ಅವಳು ಯಾವಾಗಲೂ ಎಡಕ್ಕೇ ಮಲಗುವವಳು. ಅಮ್ಮ ಒಂದೇ ಮಗ್ಗುಲು ನೋಡಿ ಬರುವುದಿಲ್ಲ. ದಿಂಬು ಎತ್ತಿ ಬಡಿದೆ, ಬಿಸಿಲಿನಲ್ಲಿ ಪುಡಿ ಮಿಂಚಿತು. ಆಗ ತಿಳಿಯಿತು. ಒಯ್ದು ತಿಪ್ಪೆಯಲ್ಲಿ ಆಳವಾಗಿ ಹುಗಿದೆ. ಬಾಯಿ ಬಿಡಲಿಲ್ಲ.

ಅಂದು ಗಂಡ ನನ್ನ ಮೊಳಕೈ ನೋಡಿ, "ಇದೇನ ಇದು, ನಿನಗೂ ಎದ್ದಾವಲ್ಲ?" ಅಂದ.

"ಮೈಕಿನವರ ಹಲಗಿ ಹೊಲದೆನಲ್ಲ, ಆ ಅರಳಿ ಕಚ್ಚೇದ" ಅಂದೆ.

"ಹಂಗಾರ ಹುಡುಗಿಗೂ ಅದೇ ಆಗ್ಯದ. ಗಾಳಿಗಿ ಹಾರಿ ಬಂದದ."

ನಾನು ಒಲೆಗೆ ಕಟ್ಟಿಗೆ ಒಟ್ಟಿದೆ. ಅಲ್ಲ ಅನ್ನಲು ಬಾಯಿ ಇತ್ತು, ಅನ್ನಲಿಲ್ಲ.

ಗಂಡ ಎಂಟು ಹತ್ತು ಮಂದಿ ಕಟ್ಟಿಕೊಂಡು ಮೈಕಿನ ಅಂಗಡಿಗೆ ಹೋದ. ಅದು ಶನಿವಾರ, ಪದ ಹಿಡಿಯುವ ಸೋಮವಾರಕ್ಕೆ ಇನ್ನೆರಡೇ ದಿನ. ನಾನೂ ಕೂಸನ್ನು ಎತ್ತಿಕೊಂಡು ಹಿಂದೆ ಹೋದೆ. ಅಣ್ಣ ಹೊರಗೆ ಬಂದು, ಮಗಳ ಕೆನ್ನೆ ನೋಡಿ, ನನ್ನನ್ನು ನೋಡಿದ. ಎಲ್ಲರ ಮುಂದೆ ಕೇಳಿದ, "ತಂಗಿ, ಚೀಲದಾಗಿಂದು ಏನರ ಮನಿಗಿ ಒಯ್ದಿದ್ದೇನು? ಒಯ್ದಿದ್ರ ಹೇಳು, ಬೈಯಂಗಿಲ್ಲ. ಕೂಸಿಗಿ ತಣ್ಣೀರು ಹಾಕಿ ತೊಳದ್ರ ಸಾಕು, ಆರಾಮ ಆಗ್ತದ."

"ನಾ ಯಾಕ ಒಯ್ಯಲಿ? ನಿನ್ನ ಕಸ ನನಗ್ಯಾಕ ಬೇಕು?" ಅಂದೆ.

ಅಷ್ಟು ಸಾಕಾಯಿತು. ಹಲಗೆಗಳನ್ನು ಕಿತ್ತು ಓಣಿಗೆ ತಂದು ಒಗೆದರು, ಬರಿಗೈಯಿಂದ ಹರಿದರು, ಕಾಲಿನಿಂದ ತುಳಿದರು. ಹಳದಿ ಧೂಳು ಎದ್ದಿತು. ಯಾವತ್ತೂ ದನಿ ಎತ್ತದವನು ಅವತ್ತು ಕೂಗಿದ. ನನ್ನ ಹಲಗೆ ಬಿಡಿ ಅಂತ ಅಲ್ಲ. "ಹರಿಬ್ಯಾಡ್ರಿ! ಮೂಗು ಮುಚ್ಕೊಳ್ರಿ! ನೀರು ಹಾಕ್ರಿ ಅದರ ಮ್ಯಾಲ! ಕೂಸಿನ್ನ ಆಕಡಿ ಒಯ್ಯಿರೆಪ್ಪಾ!" ಯಾರೂ ಕೇಳಲಿಲ್ಲ. ಹರಿದವರಿಗೆಲ್ಲ ತುರಿಕೆ ಹತ್ತಿತು. ಅದಕ್ಕೂ ಅವನನ್ನೇ ಬೈದರು. ಮುದುಕಿ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು…

ಮನೆಗೆ ಬಂದು ಮಗಳಿಗೆ ತಣ್ಣೀರು ಸುರಿದೆ. ನಾಲ್ಕು ದಿನದಲ್ಲಿ ಚರ್ಮ ತಿಳಿಯಾಯಿತು, ಕೆಮ್ಮು ನಿಂತಿತು. ನೋಡಿದಿರಾ, ಹಲಗೆ ಹೋದವು, ಹುಡುಗಿ ಎದ್ದಳು, ಅಂತ ಓಣಿಯೆಲ್ಲ ಅಂದಿತು. ಅವನ ಮೈಕನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಎರಡು ತಿಂಗಳಿಗೆ ಅಂಗಡಿ ಮುಚ್ಚಿ ಹೆಂಡತಿಯ ಊರು ಕೊಂಕಲ್ಲಿಗೆ ಹೋದರು. ಮುದುಕಿ ಅದೇ ವರ್ಷ ತೀರಿದಳು. ಬಾವಿಯ ದನಿಯ ಆ ಒಂದು ಬಿಟ್ಟರೆ ಇನ್ನೊಂದು ಪದ ಕ್ಯಾಸೆಟ್ಟಿಗೆ ಬರಲಿಲ್ಲ. ನನಗೆ ಅವಳ ಪದ ಅಲ್ಲೊಂದು ನುಡಿ ಇಲ್ಲೊಂದು ನುಡಿ ಬರುತ್ತವೆ, ಪೂರಾ ಒಂದೂ ಬರುವುದಿಲ್ಲ. ಅಣ್ಣನೂ ತೀರಿದ ಅಂತ ಬಹಳ ವರ್ಷದ ಮೇಲೆ ವಡಗೇರಾ ಬಸ್ಸಿನಲ್ಲಿ ಯಾರೋ ಹೇಳಿದರು. ಹೌದಾ ಅಂದು ಕಿಟಕಿಯ ಕಡೆ ತಿರುಗಿದೆ. ಅಷ್ಟೇ.

ಮೊಮ್ಮಗಳ ಮನೆಯಲ್ಲಿ ಅವತ್ತು ಸುಮ್ಮನಿರಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ, ದಿಂಬು, ತಿಪ್ಪೆ, ಒಲೆಯ ಮುಂದಿನ ಮಾತು.

ಮಗಳು ಮೂಗಿಗೆ ಹಿಡಿದ ಸೆರಗು ಕೆಳಗೆ ಬಿಟ್ಟಳು. ಆಮೇಲೆ, "ಇಷ್ಟು ವರ್ಷ ನಾ ಅವರಿಗಿ ಬೈಕೋಂತ ಬಂದೀನಿ. ನೀ ಬಾಜುಕ ಕುಂತು ಕೇಳ್ತಿದ್ದಿ?" ಅಂದಳು.

"ಹೂಂ."

"ಥೂ, ಯವ್ವಾ."

ಮೊಮ್ಮಗಳು ಹಲಗೆ ಕೆಲಸ ಬಿಡಲಿಲ್ಲ. ಮೂಗಿಗೆ ಬರೀ ಬಟ್ಟೆ ಸಾಲುವುದಿಲ್ಲ ಆಯಿ, ಇದಕ್ಕೆ ಅಂತಲೇ ಮಾಸ್ಕ್ ಬರುತ್ತವೆ ಅಂದಳು. ಉಳಿದದ್ದೆಲ್ಲ ಅಣ್ಣ ಹೇಳಿದ ಹಾಗೆಯೇ ಮಾಡಿದಳು.

ಮರುದಿನ ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಬಸ್ಸು ಹತ್ತಿ ಕೊಂಕಲ್ಲಿಗೆ ಹೋದೆ. ಮೈಕಿನವರ ಮನೆ ಯಾವುದು ಅಂತ ಕೇಳಿದೆ. ಅವನ ಹೆಂಡತಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನ ಗುರುತು ಹಿಡಿದಳು. ಕುಂದ್ರು ಅನ್ನಲಿಲ್ಲ. ನಿಂತೇ ಹೇಳಿದೆ.

ಅವಳು ಮೊರ ನಿಲ್ಲಿಸಲಿಲ್ಲ. "ಅವ್ರಿಗಿ ಅವತ್ತೇ ಗೊತ್ತಿತ್ತು. ನೀನಾಗೇ ಬಂದು ಹೇಳ್ತಿ ಅಂತ ಒಂದೆರಡು ವರ್ಷ ಹಾದಿ ನೋಡಿದ್ರು. ಆಮ್ಯಾಲ ಬಿಟ್ರು."

ಮುಂದಿನ ಮೊರಕ್ಕೆ ತೊಗರಿ ತುಂಬಿಕೊಂಡಳು. ಹಿಂದಿರುಗಿ ಬಂದು, ಬಸ್ಸು ಬರುವ ತನಕ ರಸ್ತೆಯಲ್ಲಿ ನಿಂತೆ.