ಅವರವ್ವನ ಮಗ್ಗುಲಿನ ಜಾಗ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನಾನು ರಾಮನಗರದ ಕಲ್ಲು ಕ್ವಾರಿಗೆ ಸುತ್ತಿಗೆ ಹಿಡಿದು ಹೋದೆ. ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು ಪಾದ್ರಿಯಾಗಲು ಗುರುಮಠ ಸೇರಿದ. ಪಾದ್ರಿಯಾದ, ಬಿಷಪ್ಪಾದ, ಕೊನೆಗೆ ದೂರದ ಉತ್ತರದಲ್ಲಿ ಆರ್ಚ್‌ಬಿಷಪ್ಪೂ ಆದ. ಕನಕಪುರದ ಕಡೆಯ ನಮ್ಮ ಸಣ್ಣ ಕ್ರೈಸ್ತರ ಊರಿಗೆ ಬಂದರೆ ಜನ ಮಂಡಿಯೂರಿ ಅವನ ಉಂಗುರಕ್ಕೆ ಮುತ್ತಿಡುತ್ತಿದ್ದರು. ನಾನೂ ಸ್ವಾಮಿ ಅಂದರೆ ನಗೋನು.

"ನೀನೂ ಸ್ವಾಮಿ ಅಂತೀಯೇನ್ಲಾ? ನಿನ್ನ ಬಳಪ ಕದ್ದು ತಿಂದೋನು ಕಣ್ಲಾ ನಾನು!"

ಅವರವ್ವ ತೀರಿಕೊಂಡಾಗ ಅವನೇ ಬಂದು ಪೂಜೆ ಮಾಡಿದ. ಮಣ್ಣು ಮಾಡಿ ಎಲ್ಲರೂ ಹೊರಟ ಮೇಲೆ ನನ್ನ ಭುಜ ಹಿಡಿದುಕೊಂಡ.

"ಅವ್ವನ ಮಗ್ಗುಲಿನ ಜಾಗ ನನಗಿರ್ಲಿ. ಕಾಯ್ತೀಯಾ?"

ಕಾಯ್ತೀನಿ ಅಂದೆ. ನಮ್ಮ ಗೋರಿತೋಟ ಚಿಕ್ಕದು, ಜಾಗಕ್ಕೆ ಅಣ್ಣತಮ್ಮಂದಿರೇ ಕಿತ್ತಾಡುತ್ತಾರೆ. ನಾನೇ ಕಲ್ಲು ಕಡಿದು ಆರಡಿ ಉದ್ದಕ್ಕೆ ಅಂಚು ಕಟ್ಟಿದೆ. ವರ್ಷವರ್ಷ ಸತ್ತೋರ ಹಬ್ಬಕ್ಕೆ ಗೋರಿಗಳಿಗೆ ಸುಣ್ಣ ಹೊಡೆಯುವಾಗ ಅದಕ್ಕೂ ಹೊಡೆಯುತ್ತಿದ್ದೆ. ಮೇಣದಬತ್ತಿ ಮಾತ್ರ ಹಚ್ಚುತ್ತಿರಲಿಲ್ಲ, ಬದುಕಿರೋನಿಗೆ ಹಚ್ಚಬಾರದಲ್ಲ.

ಆಮೇಲೆ ನಮ್ಮಪ್ಪ ಹೋದ. ಊರ ಫಾದರ್ ಮೆತ್ತಗೆ ಹೇಳಿದರು, "ಆರ್ಚ್‌ಬಿಷಪ್ಪರನ್ನ ಅವರ ದೊಡ್ಡ ದೇವಾಲಯದಲ್ಲೇ ಹೂಳೋದು. ಆ ಜಾಗದಲ್ಲಿ ನಿಮ್ಮ ತಂದೇನ ಇಡಿ."

"ಅವ್ನು ಬಾಯ್ಬಿಟ್ಟು ಕೇಳವ್ನೆ ಫಾದರ್. ನೀವು ಮೊನ್ನೆ ಬಂದೋರು, ನಿಮಗೇನು ಗೊತ್ತು?" ಅಂದುಬಿಟ್ಟೆ.

ಅಪ್ಪನನ್ನು ಚರಂಡಿ ಗೋಡೆಯ ಮೂಲೆಗೆ ಇಟ್ಟೆ. ನಮ್ಮವ್ವ ಒಂದು ಹಿಡಿ ಮಣ್ಣು ಹಾಕಿ, ನನಗೆ ಕಾಯದೆ ಮನೆಗೆ ನಡೆದಳು. ಸುದ್ದಿ ತಿಳಿದು ನನ್ನ ಗೆಳೆಯ ಫೋನು ಮಾಡಿ ಅತ್ತ. ಎಲ್ಲಿಟ್ಟೆ ಅಂತ ಕೇಳಿದ. "ಗೋಡೆ ಹತ್ರ. ನಿನ್ನ ಜಾಗ ಹಂಗೇ ಐತೆ" ಅಂದೆ. ಒಸಿ ಹೊತ್ತು ಸುಮ್ಮನಿದ್ದು ಫೋನಿಟ್ಟ.

ಹೋದ ವರ್ಷ ಅವನೂ ತೀರಿಕೊಂಡ. ಗುಂಡಿ ತೋಡಿಸಿ, ಹೆಣ ತರೋಣ ಅಂತ ಫಾದರನ್ನೂ ಎಳೆದುಕೊಂಡು ರೈಲು ಹತ್ತಿದೆ. ಅಲ್ಲಿ ಒಂದು ಕಾಗದ ತೋರಿಸಿದರು. ಇಂಗ್ಲಿಷಿನಲ್ಲಿತ್ತು, ಫಾದರ್ ಓದಿ ಹೇಳಿದರು. ತನ್ನನ್ನು ಅಲ್ಲೇ, ದೇವಾಲಯದೊಳಗೇ ಹೂಳಬೇಕು ಅಂತ ಅವನೇ ಬರೆದಿದ್ದ.

"ಯಾವಾಗ ಬರ್ದಿದ್ದು?"

"ಆರ್ಚ್‌ಬಿಷಪ್ ಆದ ತಿಂಗಳೇ. ಅವರಮ್ಮ ಸಾಯೋಕೆ ಮೂರು ವರ್ಷ ಮುಂಚೆ."

ನನ್ನ ಭುಜ ಹಿಡಿದಾಗಲೇ ಅವನಿಗೆ ಗೊತ್ತಿತ್ತು. ದುಃಖದಲ್ಲಿ ಆಡಿದ ಮಾತು ಅಂತ ಅದನ್ನಾದರೂ ಬಿಡಬಹುದು. ಆ ಫೋನಿನಲ್ಲಿ ಸುಮ್ಮನಿದ್ದನಲ್ಲ, ಅದನ್ನು ಬಿಡಲಾರೆ.

ಊರಿಗೆ ಬಂದು ಅವ್ವನಿಗೆ ಹೇಳಿದೆ, "ಆ ಜಾಗ ಇನ್ನು ನಿನಗೇ ಕಣವ್ವ."

ಅವ್ವ ನನ್ನ ಮುಖ ನೋಡಲಿಲ್ಲ. "ನಿಮ್ಮಪ್ಪ ಮೂಲೇಲಿ ಒಬ್ನೇ ಅವ್ನೆ. ನನ್ನ ಅಲ್ಲೇ ಇಡು. ಆ ಜಾಗಾನ ನೀನೇ ಮಡಿಕ್ಕೋ."