ಏಸಿ ನಿಲ್ಲಿಸಿದ ಮೇಲೆ ಅಲಸಂಡೆ

ಎಮಿಲಿಯಾಬಾಯಿ ದುಬೈಯ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಅಲ್ಲಿ ಅವರ ಮಾತು ಮೀರುವವರಿಲ್ಲ. ಅಲ್ ನಹ್ದಾ ಬಡಾವಣೆಯ ಅವರ ಫ್ಲ್ಯಾಟಿನ ಬಾಲ್ಕನಿಯಲ್ಲಿದ್ದ ಅಲಸಂಡೆ ಬಳ್ಳಿ ಮಾತ್ರ ಅವರಿಗೆ ಸೊಪ್ಪು ಹಾಕುತ್ತಿರಲಿಲ್ಲ.

ತಪ್ಪು ಬಳ್ಳಿಯದ್ದಲ್ಲ. ಕಿನ್ನಿಗೋಳಿಯ ಅವರ ತವರಿನಲ್ಲಿ ಜೂನ್ ಮಳೆಗೆ ಬೀಜ ಹಾಕಿದರೆ ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಕರಾವಳಿ ಕ್ರೈಸ್ತರ ತೆನೆಹಬ್ಬಕ್ಕೆ, ಕಾಯಿ ಸಿಗುತ್ತಿತ್ತು. ಅಂದು ಮೀನು ಮಾಂಸವಿಲ್ಲ. ಹೊಸ ಅಕ್ಕಿಯೊಡನೆ ಬರೀ ತರಕಾರಿ, ಅದರಲ್ಲಿ ಒಂದಾದರೂ ಮನೆಯವರೇ ಬೆಳೆದದ್ದು. ಆ ಲೆಕ್ಕ ಹಿಡಿದು ಇವರು ದುಬೈಯಲ್ಲೂ ಜೂನಿನಲ್ಲೇ ಬಿತ್ತುತ್ತಿದ್ದರು. ಬಳ್ಳಿ ನಾಲ್ಕೆಲೆ ಬಿಡುವಷ್ಟರಲ್ಲಿ ಬಿಸಿಲಿಗೂ ಏಸಿಯ ಬಿಸಿಗಾಳಿಗೂ ಸುಟ್ಟುಹೋಗುತ್ತಿತ್ತು.

ಬೀಜ ಅಮ್ಮನದು, ಹುಳ ಹಿಡಿಯದಂತೆ ಬೂದಿಯಲ್ಲಿ ಹೊರಳಿಸಿ ಕೊಟ್ಟದ್ದು. ಅಮ್ಮ ತೀರಿಕೊಂಡ ಮೇಲೆ ಊರಿನಲ್ಲೂ ಆ ತಳಿ ಉಳಿಯಲಿಲ್ಲ. ಕಳೆದ ವರ್ಷ ಡಬ್ಬಿಯ ತಳದಲ್ಲಿದ್ದದ್ದು ಒಂದೇ ಹಿಡಿ.

ಜೂನಿನಲ್ಲಿ ಅದನ್ನೂ ಬಿತ್ತಲು ಹೊರಟಾಗ ಪಕ್ಕದ ಫ್ಲ್ಯಾಟಿನ ಭಟ್ಕಳದ ರಾಬಿಯಾ ಬಾಲ್ಕನಿ ಬಾಗಿಲಲ್ಲೇ ತಡೆದಳು. "ಅಕ್ಕಾ, ಇದೂ ಹೋದ್ರೆ ಖಲಾಸ್. ರಾತ್ರಿ ಏಸಿ ಬೇಡ ಅನ್ನಿಸಿದ ಮೇಲೆ ಹಾಕಿ."

"ಅಷ್ಟೊತ್ತಿಗೆ ಹಬ್ಬ ಮುಗಿದಿರ್ತದಲ್ಲ ಮಾರಾಯ್ತಿ."

"ಹಬ್ಬ ಬರುವ ವರ್ಷವೂ ಉಂಟು. ಬೀಜ ಉಂಟಾ?"

ಹಿಮ ಬೀಳುವ ದೇಶದವರು ಚಳಿ ಹೋಗಲೆಂದು ಕಾದು ಬೀನ್ಸ್ ಬಿತ್ತುತ್ತಾರಂತೆ. ಇಲ್ಲಿ ಸೆಕೆ ಹೋಗಲೆಂದು ಕಾಯಬೇಕು. ಇಷ್ಟು ತಿಳಿಯಲು ಎಮಿಲಿಯಾಬಾಯಿಗೆ ಹಲವು ವರ್ಷ ಹಿಡಿಯಿತು. ಹಟ ಅವರ ಮನೆತನದ್ದು.

ಆ ಹಬ್ಬಕ್ಕೆ ಮಾರ್ಕೆಟಿನ ಅಲಸಂಡೆ ಬೆಂದಿತು. ಬಡಿಸುವಾಗ ಅವರಿಗೆ ನಾಚಿಕೆಯಾಯಿತು. ಅಕ್ಟೋಬರಿನ ಕೊನೆಗೆ, ಬಾಲ್ಕನಿ ಬಾಗಿಲು ತೆರೆದು ಮಲಗಿದ ಮಾರನೆಯ ದಿನ, ಉಳಿದ ಬೀಜವನ್ನೆಲ್ಲ ಹಾಕಿದರು.

ಕ್ರಿಸ್ಮಸ್ ಕಳೆಯುವಾಗ ಬಳ್ಳಿ ತುಂಬ ಎಳೆಕಾಯಿ. ಗಂಡ ಫಿಡೆಲಿಸ್ ಕತ್ತರಿ ಹಿಡಿದು ಬಂದರು. "ಒಂದು ಸುಕ್ಕ ಪಲ್ಯಕ್ಕೆ ಆಗ್ತದೆ ನೋಡು."

"ಮುಟ್ಟಿದ್ರೆ ಊಟ ಇಲ್ಲ."

ಒಂದು ಕಾಯಿಯನ್ನೂ ಕೊಯ್ಯಲು ಬಿಡದೆ ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಿಸಿದರು. ಬಾರ್ಬೆಕ್ಯೂ ಬೂದಿಯಲ್ಲಿ ಬೀಜ ಹೊರಳಿಸಿ ಒಂದು ಪಾಲು ಡಬ್ಬಿಗೆ, ಒಂದು ಪಾಲು ರಾಬಿಯಾಳಿಗೆ. ಮೂರನೆಯ ಪಾಲನ್ನು ಬೂದಿ ಹಾಕದೆ ಎತ್ತಿಟ್ಟರು.

ಈ ಸೆಪ್ಟೆಂಬರಿನಲ್ಲಿ ಆ ಒಣಬೀಜವನ್ನು ರಾತ್ರಿ ನೆನೆಸಿ, ಮರುದಿನ ಹಬ್ಬಕ್ಕೆ ತೆಂಗಿನಕಾಯಿ ಅರೆದ ಗಸಿ ಮಾಡಿದರು. ಮಗಳು ಒಲಿವಿಯಾ ಎರಡನೆಯ ಸಲ ಬಡಿಸಿಕೊಂಡು ಕೇಳಿದಳು. "ಮಮ್ಮಾ, ವಿಚ್ ಶಾಪ್?"

"ಅಂಗಡಿದಲ್ಲ. ಅಜ್ಜಿ ಕೊಟ್ಟದ್ದು," ಎಂದರು ಎಮಿಲಿಯಾಬಾಯಿ. ಅಜ್ಜಿಯನ್ನು ಫೋಟೋದಲ್ಲಷ್ಟೇ ನೋಡಿದ್ದ ಹುಡುಗಿ ಬಟ್ಟಲನ್ನು ಬೆರಳಿನಿಂದ ಒರೆಸಿ ತಿಂದಳು.