ನಾಲ್ಕು ಹುಣಸೆ ಬೀಜಗಳ ಸಾಕ್ಷಿ

ಪುಣೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿತು ಬಂದು ನಾನು ಮಾಡಿದ ಮೊದಲ ಘನಕಾರ್ಯವೆಂದರೆ ನನ್ನ ಆಯಿಯನ್ನು ಕಳ್ಳಿ ಮಾಡಿದ್ದು. ಆಯಿ ಅಂದರೆ ಅಪ್ಪನ ತಾಯಿ. ಅಂಗಡಿಯವನು ಜೋಳ ಅಳೆಯುವಾಗ ಒಂದು ಹಿಡಿ ಹೆಚ್ಚು ಬಿದ್ದರೆ ಕರೆದು ವಾಪಸು ಕೊಡುವ ಹೆಂಗಸು ಅವಳು. ಅಂಥವಳ ಮೇಲೆ ನಾನು ಹಾಳೆಯಲ್ಲಿ ಬರೆದು ಆರೋಪ ಹೊರಿಸಿದೆ. ಬುದ್ಧಿ ಬೆಳೆಯುವ ವಯಸ್ಸಿನಲ್ಲಿ ಬುದ್ಧಿಗಿಂತ ಜಂಬವೇ ಬೇಗ ಬೆಳೆಯುತ್ತದೆ, ಏನು ಮಾಡುವುದು.

ಜಮಖಂಡಿ ಆಗ ಇನ್ನೂ ಸಂಸ್ಥಾನ. ಅಪ್ಪ ಕಚೇರಿಯಲ್ಲಿ ಕಾರಕೂನರಾಗಿದ್ದರು. ಬೇಸಿಗೆಯ ರಜೆಗೆ ನಾನು ಮನೆಗೆ ಬಂದಾಗ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಆಯಿ ಮತ್ತು ಎದುರು ಮನೆಯ ಅಜ್ಜಿ ಚೌಕಾಬಾರ ಆಡುತ್ತಿದ್ದರು. ಆ ಅಜ್ಜಿ ತೇರದಾಳದ ಜೈನರ ಮನೆಯ ಮಗಳು. ಮದುವೆಯಾಗಿ ಬಂದು ನಲವತ್ತು ವರ್ಷವಾಗಿದ್ದರೂ ಓಣಿಗೆ ಆಕೆ ತೇರದಾಳದಾಕಿಯೇ, ನಮಗೆ ತೇರದಾಳದ ಅಮ್ಮ. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಅವರ ಊಟ ಮುಗಿಯಬೇಕು. ಹಾಗಾಗಿ ಬಿಸಿಲು ಎದುರಿನ ಮಾಳಿಗೆಯ ಅಂಚಿಗೆ ಏರಿತೆಂದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಮೇಲೆ ಒಂದು ಬುಟ್ಟಿ ಬೋರಲು ಹಾಕುವರು. ಮರುದಿನ ಬುಟ್ಟಿ ಎತ್ತಿ ಅಲ್ಲಿಂದಲೇ ಮುಂದುವರಿಸುವರು.

ಕವಡೆಯ ಬದಲು ಅವರು ಒಗೆಯುತ್ತಿದ್ದುದು, ಅಂದರೆ ನೆಲಕ್ಕೆ ಎಸೆಯುತ್ತಿದ್ದುದು, ನಾಲ್ಕು ಹುಣಸೆ ಬೀಜಗಳನ್ನು. ಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿರುತ್ತಾರೆ. ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಕಪ್ಪು ಬಿದ್ದರೆ ಬಾರಾ: ಎಂಟು ಮನೆ, ಮೇಲೆ ಇನ್ನೊಂದು ಸಲ ಒಗೆಯುವ ಹಕ್ಕು. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಆಟ ನಡೆಯುವ ಮನೆಯವರು ಬೀಜ ತಿಕ್ಕಬಾರದು, ಆಡಲು ಬರುವವರೇ ತಿಕ್ಕಿ ತರಬೇಕು. ಆಗ ಯಾರಿಗೂ ಯಾರ ಮೇಲೂ ಸಂಶಯ ಬರುವುದಿಲ್ಲ. ಪ್ರತಿ ವರ್ಷ ಹೊಸ ಹುಣಸೆ ಬಂದ ಮೇಲೆ ತೇರದಾಳದ ಅಮ್ಮ ತನ್ನ ಹೊಸ್ತಿಲ ಕಲ್ಲಿಗೆ ನಾಲ್ಕು ಬೀಜ ತಿಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದಳು.

ಆ ರಜೆಯಲ್ಲಿ ಒಂದು ದಿನ ಆಯಿಗೆ ಒಂದರ ಹಿಂದೆ ಒಂದು ಎರಡು ಬಾರಾ ಬಿದ್ದು, ಇನ್ನೇನು ನಡುಮನೆ ಸೇರಿ ಹಣ್ಣಾಗಬೇಕಿದ್ದ ಎದುರಾಳಿಯ ಕಾಯಿ ಸತ್ತಿತು. ತೇರದಾಳದ ಅಮ್ಮ ಬೀಜಗಳನ್ನು ದಿಟ್ಟಿಸಿ, “ಬೀಜಾ ನಾನ ತಿಕ್ಕೇನಿ. ಅದರಾಗ ಏನಿಲ್ಲ. ನಿನ್ನ ಕೈಯಾಗ ಏನೋ ಐತಿ” ಅಂದಳು. ಆಯಿ ನಕ್ಕಳು. ಮರುದಿನ ಆಕೆ ಅದೇ ಮಾತನ್ನು ಮತ್ತೆ ಹೇಳಿದಾಗ ಆಯಿ ನಗಲಿಲ್ಲ. ನನ್ನ ಕಡೆ ತಿರುಗಿ, “ನೀ ಅದೇನೋ ಲೆಕ್ಕಾ ಕಲತ ಬಂದೀದಿಯಲ್ಲ, ನನ್ನ ಕೈಯಾಗ ಏನೂ ಇಲ್ಲಂತ ಹೇಳ ಈಕಿಗೆ” ಅಂದಳು.

ನಾನು ಉಬ್ಬಿಹೋದೆ. ಆ ವರ್ಷವಷ್ಟೇ ನಮಗೆ ಕಾಯ್ ಸ್ಕ್ವೇರ್ ಪರೀಕ್ಷೆ ಕಲಿಸಿದ್ದರು. ಯಾವುದು ಎಷ್ಟು ಸಲ ಬೀಳಬೇಕೆಂದು ನಿರೀಕ್ಷೆಯೋ ಅದನ್ನು ಒಂದು ಸಾಲಿನಲ್ಲಿ ಬರೆಯಬೇಕು, ಎಷ್ಟು ಸಲ ಬಿತ್ತೋ ಅದನ್ನು ಪಕ್ಕದಲ್ಲಿ. ಎರಡರ ವ್ಯತ್ಯಾಸವನ್ನು ವರ್ಗ ಮಾಡಿ ನಿರೀಕ್ಷೆಯಿಂದ ಭಾಗಿಸಬೇಕು. ಎಲ್ಲವನ್ನೂ ಕೂಡಿಸಿದಾಗ ಬರುವ ಮೊತ್ತ ಕೋಷ್ಟಕದ ಮಿತಿಯನ್ನು ದಾಟಿದರೆ, ಬಿದ್ದದ್ದಕ್ಕೂ ನಿರೀಕ್ಷೆಗೂ ಹೊಂದಿಕೆ ಇಲ್ಲವೆಂದು ಅರ್ಥ. ಬೀಜಕ್ಕೆ ಎರಡು ಬದಿ, ಹಾಗಾಗಿ ಕಪ್ಪು ಅರ್ಧ, ಬಿಳಿ ಅರ್ಧ ಎಂದು ಹಿಡಿದೆ. ತಿಕ್ಕಿದವಳು ಎದುರಾಳಿಯೇ ಆದ್ದರಿಂದ ಬೀಜದ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ನನಗೂ ಇರಲಿಲ್ಲ. ಆ ಲೆಕ್ಕದಲ್ಲಿ ನಾಲ್ಕೂ ಒಟ್ಟಿಗೆ ಕಪ್ಪಾಗುವುದು ಹದಿನಾರರಲ್ಲಿ ಒಂದು ಸಲ; ನೂರಾ ಅರವತ್ತು ಸಲ ಒಗೆದರೆ ಹತ್ತು ಬಾರಾ ಬೀಳಬೇಕು.

ಯುದ್ಧದ ಕಾಲ, ಕಾಗದಕ್ಕೆ ಬರ. ಅಪ್ಪ ಕಚೇರಿಯಿಂದ ತಂದಿದ್ದ ರದ್ದಿ ಹಾಳೆಗಳ ಒಂದು ಮಗ್ಗುಲಲ್ಲಿ ಮರಾಠಿಯ ಮೋಡಿ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ನನ್ನ ಗೀಟುಗಳು. ನಾಲ್ಕು ಮಧ್ಯಾಹ್ನ ಆಯಿ ಒಗೆದದ್ದನ್ನೆಲ್ಲ ಗುರುತು ಹಾಕಿದೆ. ನೂರಾ ಅರವತ್ತು ತುಂಬಿದಾಗ ಬಾರಾ ಇಪ್ಪತ್ತೆರಡು. ಮಿತಿ ಒಂಬತ್ತೂವರೆ ಇದ್ದಲ್ಲಿ ನನ್ನ ಮೊತ್ತ ಇಪ್ಪತ್ತೊಂಬತ್ತು ದಾಟಿತ್ತು. ತರಗತಿಯಲ್ಲಿ ಇಷ್ಟು ಸ್ಪಷ್ಟ ಉತ್ತರ ನನಗೆ ಎಂದೂ ಬಂದಿರಲಿಲ್ಲ. ಖುಷಿಯಿಂದ ಇಬ್ಬರ ನಡುವೆ ಕೂತು ಹಾಳೆ ಹರಡಿ, ಇದು ಸುಮ್ಮನೆ ಬಿದ್ದದ್ದಲ್ಲ ಎಂದೆ.

“ಹಂಗಾದ್ರ?” ಅಂದಳು ತೇರದಾಳದ ಅಮ್ಮ.

“ಬೀಜಾ ಸರಿ ಅದಾವಂದ್ರ ಕೈಯಾಗ ಏನೋ ಇರಬೇಕ್ರಿ” ಎಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಆಕೆ ಎದ್ದು, ಸೀರೆ ಕೊಡವಿಕೊಂಡು ಹೋಗಿಬಿಟ್ಟಳು. ಆಯಿ ಕಾಯಿಗಳ ಮೇಲೆ ಬುಟ್ಟಿ ಹಾಕಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. “ನಿನ್ನ ಹಾಳಿ ಹೇಳೇತಂದ್ರ ನಾ ಮಾಡಿರಬೇಕು. ನನಗ ಗೊತ್ತಿಲ್ಲದಂಗ” ಎಂದಳು.

ಐದು ದಿನ ಎದುರು ಮನೆಯಿಂದ ಯಾರೂ ಬರಲಿಲ್ಲ. ಕಸ ಗುಡಿಸುವಾಗ ಆಯಿ ಬುಟ್ಟಿಯ ಸುತ್ತ ಗುಡಿಸುತ್ತಿದ್ದಳು, ಅದನ್ನು ಸರಿಸುತ್ತಿರಲಿಲ್ಲ. ಜೋಳ ಹಸನು ಮಾಡುತ್ತ ನಡುನಡುವೆ ತನ್ನ ಬಲಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅದನ್ನು ಕಂಡು ನನಗೆ ಊಟ ಸೇರದಂತಾಯಿತು. ನಲವತ್ತು ವರ್ಷದ ಗೆಳೆತನವನ್ನು ಒಂದು ರದ್ದಿ ಹಾಳೆಯಿಂದ ಕೆಡಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆರನೆಯ ದಿನ ತರಗತಿಯ ಟಿಪ್ಪಣಿ ತೆಗೆದು ಮತ್ತೆ ಓದಿದೆ. ಹೊಂದಿಕೆ ಇಲ್ಲ ಎನ್ನುವುದಷ್ಟೇ ಈ ಪರೀಕ್ಷೆ ಹೇಳುವ ಮಾತು, ಯಾಕೆ ಎಂದು ಅದು ಹೇಳುವುದಿಲ್ಲ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಹತ್ತು ಬಾರಾ ಬೀಳಬೇಕೆಂದು ಹೇಳಿದವರು ಯಾರು? ನಾನು. ಬೀಜವನ್ನು ಕೇಳಿರಲಿಲ್ಲ. ಅದಕ್ಕಿಂತ ದಡ್ಡತನವೆಂದರೆ, ಆಯಿ ಒಗೆದದ್ದನ್ನು ಮಾತ್ರ ಗುರುತು ಹಾಕಿದ್ದೆ. ಎದುರು ಕೂತವಳಿಗೆ ಏನು ಬೀಳುತ್ತಿತ್ತೆಂದು ನೋಡಿಯೇ ಇರಲಿಲ್ಲ.

ಬೀಜ ಹಿಡಿದುಕೊಂಡು ಎದುರು ಮನೆಗೆ ಹೋದೆ. ತೇರದಾಳದ ಅಮ್ಮ ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತಿದ್ದಳು.

“ಅಮ್ಮಾ, ನೀವೊಂದ ನೂರಾ ಅರವತ್ತ ಸಲ ಒಗೀರಿ.”

“ನನಗ ಬ್ಯಾರೆ ಕೆಲಸಿಲ್ಲೇನು?”

“ಕಾಗಿ ಹೊಡಿಯೂದು ನಾ ಹೊಡೀತೇನ್ರಿ.”

ಎರಡು ದಿನ ಆಕೆ ಒಗೆದಳು, ನಾನು ಕಾಗೆ ಓಡಿಸುತ್ತ ಗೀಟು ಹಾಕಿದೆ. ಮೊದಲ ಬಾರಾ ಬಿದ್ದಾಗ ಆಕೆಯ ಮುಖ ಅರಳಿತು. ಹತ್ತು ದಾಟಿದ ಮೇಲೆ ಮಾತು ಕಡಿಮೆಯಾಯಿತು. ಕೊನೆಗೆ ಎಣಿಸಿದರೆ ಇಪ್ಪತ್ತೊಂದು.

ನಾನು ಒಂದು ಬೀಜವನ್ನು ಆಕೆಯ ಅಂಗೈಯಲ್ಲಿಟ್ಟೆ. ಕಪ್ಪು ಬದಿ ಹೊಟ್ಟೆಯ ಹಾಗೆ ಉಬ್ಬಿತ್ತು, ಬಿಳಿ ಬದಿ ಬರೆಯುವ ಪಾಟಿಯಂತೆ ಸಪಾಟು. ಅಷ್ಟು ತಿಕ್ಕಿದ ಬೀಜ ಸಪಾಟು ಬದಿಯ ಮೇಲೆ ಕೂಡಲು ನೋಡುತ್ತದೆ, ಕಪ್ಪು ಮೇಲಾಗುತ್ತದೆ. ಯಾರು ಒಗೆದರೂ ಅಷ್ಟೇ. ಆಕೆ ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದಳು.

“ನಾ ಒಂದ ಕೆಲಸಾ ಹಿಡದ್ರ ಪೂರಾ ಮಾಡಾಕಿ” ಅಂದಳು. ಬೀಜವನ್ನು ನನ್ನ ಕೈಗೆ ವಾಪಸಿಟ್ಟು, “ಹಂಗಾದ್ರ ನನಗೂ ಆಕಿಯಷ್ಟ ಬಾರಾ ಬೀಳತಿದ್ದೂವು?”

“ಹೌದ್ರಿ.”

“ಮತ್ತ ನಾ ಯಾಕ ಸೋಲತೇನಿ?”

ಒಂದೇ ಕಾಯಿಯನ್ನು ಓಡಿಸಿಕೊಂಡು ಹೋಗಿ ಉಳಿದವನ್ನು ಬೀದಿಪಾಲು ಮಾಡುತ್ತಿದ್ದಳು, ಅದಕ್ಕೇ ಸೋಲು. ಆದರೆ ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು. ಸುಮ್ಮನೆ ಕಾಗೆ ಓಡಿಸಿದೆ.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿ, ತಪ್ಪು ನಂದು ಎಂದೆ. “ಹಾಳಿ ಮ್ಯಾಲ ಅದನ್ನೂ ಬರಿ” ಅಂದಳು. ಮೊತ್ತದ ಕೆಳಗೆ ಬರೆದು ಓದಿ ಹೇಳಿದೆ. ಅವಳು ಬಲಗೈಯನ್ನು ಸೆರಗಿಗೆ ಒರೆಸಿಕೊಂಡು ಒಲೆಯ ಕಡೆ ಹೋದಳು. ಆ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಮಧ್ಯಾಹ್ನ ತೇರದಾಳದ ಅಮ್ಮ ಬಂದು ಬಾಗಿಲಲ್ಲಿ ನಿಂತಳು. “ಹೊಸಾ ಬೀಜಾ ತಿಕ್ಕೊಂಡ ಬರಲೇನು? ಈ ಸಲ ಹಗೂರಕ ತಿಕ್ಕತೇನಿ.”

“ಬ್ಯಾಡ. ಇಬ್ಬರಿಗೂ ಬೀಳತಾವಂದ ಮ್ಯಾಲ ಇವ ಬೀಜಾ ಇರಲಿ. ಬಾ, ಕುಂದರ” ಎಂದು ಆಯಿ ಬುಟ್ಟಿ ಎತ್ತಿದಳು. ಕಾಯಿಗಳು ಇದ್ದಲ್ಲೇ ಇದ್ದವು. ಒಗೆಯುವ ಸರದಿ ತೇರದಾಳದ ಅಮ್ಮನದು. ಒಗೆದಳು. ನಾಲ್ಕೂ ಕಪ್ಪು.

ಆಯಿ ತಲೆ ಎತ್ತಲಿಲ್ಲ. “ನಿನ್ನ ಕೈಯಾಗ ಏನೋ ಐತಿ ನೋಡ” ಎಂದಳು.